ಸಾಹೇಬನನ್ನು ಹುಡುಕಿದ ದಿನಗಳು

ಕನ್ನಡಕದಂಗಡಿಯವನು ಮೊದಲ ಸಲ ಅವಳ ಬಾಗಿಲಿಗೆ ಬಂದಾಗ ಕೈಯಲ್ಲಿ ಮಡಿಸಿದ ದಿನಪತ್ರಿಕೆಯಿತ್ತು. ಬಿಡಿಸಿ ತೋರಿಸಿದ. ಒಳಗೆ ಪುಕ್ಕ ಮೂಡದ ಮೂರು ಪಿಕಳಾರದ ಮರಿಗಳು, ಕತ್ತು ವಾಲಿಸಿಕೊಂಡು.

“ನಿಮ್ಮ ಬೆಕ್ಕಿನ ಕೆಲಸ,” ಎಂದ.

“ಅದೇನು ಸಹಿ ಹಾಕಿದೆಯಾ?” ಎಂದುಬಿಟ್ಟಳು ಅವಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು.

ಅವನು ನಗಲಿಲ್ಲ. ಹಿತ್ತಿಲ ಬೇಲಿಯಾಚೆಯ ಮನೆಗೆ ಬಂದು ಎರಡು ತಿಂಗಳಾಗಿತ್ತಷ್ಟೇ. ಗೂಡಿನ ಕಾಲ ಮುಗಿಯುವವರೆಗಾದರೂ ಬೆಕ್ಕನ್ನು ಒಳಗಿಟ್ಟುಕೊಳ್ಳಿ, ಅದರ ಜೀವಕ್ಕೂ ಅದೇ ಒಳ್ಳೆಯದು, ಇಟ್ಟಿಗೆ ರಾಶಿಯಲ್ಲಿ ನಾಗರಹಾವು ನೋಡಿದ್ದೇನೆ ಎಂದೆಲ್ಲ ಮೆಲುದನಿಯಲ್ಲೇ ಹೇಳಿ ಹೋದ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವಳು ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮನೆಯಲ್ಲಿ ಚಿಕ್ಕಮ್ಮ, ಮತ್ತೆ ಸಾಹೇಬ. ಅಮ್ಮ ತೀರಿಕೊಂಡ ವಾರ ಚರಂಡಿಯಲ್ಲಿ ಸಿಕ್ಕಿದ್ದ ಕೆಂಚು ಮರಿ ಅದು. ಹತ್ತಿಯಲ್ಲಿ ಹಾಲು ಅದ್ದಿ ಅದ್ದಿ ಕುಡಿಸಿ ಬದುಕಿಸಿದ್ದಳು. ಈಗ ಯಾರಿಗೂ ಸೊಪ್ಪು ಹಾಕದ ಗಂಡು ಬೆಕ್ಕು. ಅವಳೊಬ್ಬಳ ಸ್ಕೂಟರಿನ ಸದ್ದಿಗೆ ಮಾತ್ರ ಗೇಟಿನವರೆಗೆ ಓಡಿ ಬರುತ್ತಿತ್ತು.

ಅದರ ಕೊರಳಿಗೆ ಗೆಜ್ಜೆ ಕಟ್ಟಿದಳು. ನಾಲ್ಕೇ ದಿನದಲ್ಲಿ ಸಾಹೇಬ ಗೆಜ್ಜೆ ಅಲುಗದ ಹಾಗೆ ನಡೆಯುವುದನ್ನು ಕಲಿತ. ಪಿಕಳಾರಗಳು ಕನ್ನಡಕದಂಗಡಿಯವನ ಕಿಟಕಿಯ ಬಳ್ಳಿಯಲ್ಲಿ ಮತ್ತೆ ಗೂಡು ಕಟ್ಟಿದವು. ಮತ್ತೆ ಬಂದು ಕೇಳಿಕೊಂಡ. ಒಳಗೇ ಇಡುತ್ತೇನೆಂದು ಮಾತು ಕೊಟ್ಟಳು. ಆದರೆ ಬೆಕ್ಕು ಇಡೀ ಬೆಳಗ್ಗೆ ಬಾಗಿಲು ಕೆರೆದು ಅತ್ತಿತು, ಅವಳ ಕರುಳು ಕರಗಿತು, ಕಿಟಕಿ ತೆರೆದಳು. ಆ ದಿನ ಅವನು ಬಳ್ಳಿಯ ಕೆಳಗೆ ನಿಂತು ಬೆಕ್ಕನ್ನು ಓಡಿಸುತ್ತಿದ್ದುದನ್ನು ಅಡುಗೆಮನೆಯಿಂದ ನೋಡಿದಳು, ನೋಡಿಯೂ ನೋಡದಂತಿದ್ದಳು.

ಮರುದಿನ ಸಾಹೇಬ ಕಾಣೆಯಾದ.

ಸಂಜೆ ಅವಳು ಬೀದಿಯಲ್ಲಿ ಹೆಸರು ಹಿಡಿದು ಕೂಗುತ್ತಿದ್ದಾಗ ಬೇಲಿಯಾಚೆಯವನೇ ಬಂದು ನಿಂತ. ನಾನೂ ಬರುತ್ತೇನೆ ಎಂದ. ಅವಳ ಹಳೆಯ ಮುಜುಗರ ಅಲ್ಲೇ ಇಳಿಯಿತು.

ಹದಿನೈದು ದಿನ ಇಬ್ಬರೂ ಹುಡುಕಿದರು. ಅವನು ಕಣ್ಣು ಪರೀಕ್ಷೆಯ ಫಲಕದಂತೆ ಮೇಲೆ ದಪ್ಪಕ್ಷರ, ಕೆಳಗೆ ಸಣ್ಣಕ್ಷರದ ಪೋಸ್ಟರ್ ಮಾಡಿ ತಂದ. “ಕೊನೇ ಸಾಲು ಓದೋಕಾಗದೇ ಇದ್ರೆ ನಿಮ್ಮ ಅಂಗಡಿಗೆ ಬರಬೇಕಾ?” ಎಂದು ಕೇಳಿದಳು. ಅವನು ಆಗ ಮೊದಲ ಬಾರಿ ನಕ್ಕ. ನಗುವಾಗ ಅವನ ಕನ್ನಡಕ ಮೂಗಿನ ಮೇಲೆ ಜಾರುತ್ತಿತ್ತು. ಅದನ್ನು ಮೇಲೇರಿಸುವ ಮೊದಲು, ಗಾಜಿನ ಮೇಲಿಂದ ಬರಿಗಣ್ಣಲ್ಲಿ ಅವಳನ್ನೊಮ್ಮೆ ನೋಡುತ್ತಿದ್ದ. ಆ ಒಂದು ನೋಟಕ್ಕಾಗಿ ಅವಳು ಇಲ್ಲದ ಜೋಕುಗಳನ್ನು ಹುಟ್ಟಿಸತೊಡಗಿದಳು.

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣಲ್ವೇನೇ?” ಎಂದಳು ಚಿಕ್ಕಮ್ಮ.

ಒಂದು ಬೆಳಗ್ಗೆ ಅವನು ಬೇಲಿಯಾಚೆಯಿಂದ ಕರೆದ. ಬಳ್ಳಿಯಲ್ಲಿ ಮರಿಗಳು ಹಾರುವುದಕ್ಕೆ ನಿಂತಿದ್ದವು. ಇಬ್ಬರೂ ಉಸಿರು ಬಿಗಿಹಿಡಿದು ಭುಜಕ್ಕೆ ಭುಜ ತಾಗಿಸಿ ನೋಡಿದರು. ಮೂರನೆಯದು ತಡವರಿಸಿ ಹಾರಿದಾಗ ಅವನು ಅವಳ ಕೈ ಹಿಡಿದುಕೊಂಡಿದ್ದ; ಬಿಡಲಿಲ್ಲ. ಸಾಹೇಬ ಇನ್ನು ಬರುವುದಿಲ್ಲವೆಂದು ಅವಳ ಮನಸ್ಸು ಒಪ್ಪಿಕೊಂಡದ್ದೂ ಆ ಕೈಯೊಳಗೇ.

ಮದುವೆಯ ಮಾತಾಯಿತು. ಮುಂದೆ ಯಾವುದಾದರೂ ಬೆಕ್ಕು ಬಂದರೆ ಹಕ್ಕಿಗೂ ಅಪಾಯವಿಲ್ಲದೆ, ಹಾವಿನ ಭಯವೂ ಇಲ್ಲದೆ ಬಿಸಿಲು ಕಾಯಲಿ ಎಂದು ಅವನು ಅವಳ ಹಿತ್ತಿಲ ಜಗಲಿಗೆ ಜಾಲರಿ ಹೊಡೆಯತೊಡಗಿದ. ಎರಡು ಭಾನುವಾರ ಕೂತು ಹೊಡೆದ. ಕೊನೆಯ ಮೊಳೆಯ ಹೊತ್ತಿಗೆ ಅವಳು ಟೀ ತಂದಿಟ್ಟು, ಇಷ್ಟು ಒಳ್ಳೆಯವನು ತನಗೆ ಸಿಗುತ್ತಾನೆಂದು ಎಣಿಸಿರಲಿಲ್ಲ ಎಂದಳು. ಅವನು ಸುತ್ತಿಗೆ ಕೆಳಗಿಟ್ಟ.

“ನಾನೇ ಬಿಟ್ಟು ಬಂದೆ ಅದನ್ನ,” ಎಂದ. “ದಿಂಬಿನ ಕವರಲ್ಲಿ ಹಾಕ್ಕೊಂಡು. ಸೇತುವೆ ಆಚೆ, ಮೀನು ಮಾರ್ಕೆಟ್ ಹಿಂದೆ.”

ಮರಿಗಳು ಹಾರುವವರೆಗೆ ಮಾತ್ರ ಎಂದುಕೊಂಡಿದ್ದನಂತೆ. ನಾಲ್ಕನೆಯ ದಿನ ಅವಳ ಅಳು ನೋಡಲಾಗದೆ ತರಲು ಹೋಗಿದ್ದನಂತೆ. ಅದು ಅಲ್ಲೇ ಇತ್ತು.

“ಮತ್ತೆ?”

“ತಂದುಕೊಟ್ರೆ ಹುಡುಕೋದು ನಿಂತುಹೋಗತ್ತೆ. ನಿನ್ನ ಜೊತೆ ಓಡಾಡೋಕೆ ನನಗೆ ನೆವ ಇರಲ್ಲ. ಇನ್ನೆರಡು ದಿನ, ಇನ್ನೆರಡು ದಿನ ಅಂತ ಮುಂದೂಡ್ತಾ ಹೋದೆ. ತಿಂಗಳಾದ್ಮೇಲೆ ಹೋದಾಗ ಕಾಣಲಿಲ್ಲ.”

ಅವಳು ಅಳಲಿಲ್ಲ. ಕರೆದುಕೊಂಡು ಹೋಗು ಎಂದಳು. ಅವನ ಸ್ಕೂಟರಿನ ಹಿಂದೆ, ಅವನನ್ನು ಮುಟ್ಟದೆ ಕುಳಿತಳು.

ಮಾರ್ಕೆಟ್ಟಿನ ಹಿಂಬದಿಯಲ್ಲಿ ಮೀನು ತೊಳೆಯುತ್ತಿದ್ದ ಹೆಂಗಸಿಗೆ ಕೆಂಚು ಬೆಕ್ಕಿನ ನೆನಪಿತ್ತು. ಗೆಜ್ಜೆ ಕಟ್ಟಿದ್ರಲ್ಲ, ಅದೇ ತಾನೆ ಎಂದಳು. ಮೂರು ವಾರ ಆ ಖಾಲಿ ಕ್ರೇಟುಗಳ ಹಿಂದೆಯೇ ಇತ್ತಂತೆ. ಮೀನಿನ ತಲೆ ಎಸೆದರೂ ಮೊದಮೊದಲು ಮುಟ್ಟುತ್ತಿರಲಿಲ್ಲವಂತೆ.

“ಸ್ಕೂಟರ್ ಸದ್ದಾದ್ರೆ ಸಾಕು, ರೋಡಿಗೆ ಓಡಿ ಬರ್ತಿತ್ತಮ್ಮ. ನೋಡಿ ವಾಪಸ್ ಹೋಗ್ತಿತ್ತು. ಹಂಗೇ ಒಂದಿನ ನಾಯಿಗಳ ಬಾಯಿಗೆ ಸಿಕ್ತು. ಆ ಗೆಜ್ಜೆ ಬೇರೆ, ಓಡೋವಾಗ ಸದ್ದಾಗಿ ಎಲ್ಲಿ ಅಡಗಿದ್ರೂ ಗೊತ್ತಾಗ್ತಿತ್ತು ಅವಕ್ಕೆ.”

ಹೇಳಿ, ಮತ್ತೆ ಮೀನಿಗೆ ನೀರು ಸುರಿದಳು.

ಅವನು ಗೋಡೆ ಹಿಡಿದು ನಿಂತಿದ್ದ. ಅವಳು ಹತ್ತಿರ ಹೋಗಿ ಒಂದೇ ಒಂದು ಮಾತು ಕೇಳಿದಳು.

“ನಾಲ್ಕನೇ ದಿನ ಅದು ನಿನ್ನ ನೋಡ್ತಾ?”

“ನೋಡ್ತು. ಎದ್ದು ಬಂತು. ಕಾಲಿಗೆ ಮೈ ಉಜ್ಜಿತು.”

“ಕೀ ಕೊಡು.”

ಯಾಕೆಂದು ಕೇಳದೆ ಕೊಟ್ಟ. ಅವಳು ಸ್ಕೂಟರ್ ಹತ್ತಿ ಸ್ಟಾರ್ಟ್ ಮಾಡಿದಳು. ಅವನೂ ಕೂರಲು ಬಂದಾಗ ಬೇಡವೆಂದು ತಲೆಯಲ್ಲಾಡಿಸಿದಳು. ಜಾಲರಿ ಬಿಚ್ಚಿಸುವುದಿಲ್ಲ, ಕೆಲಸ ಚೆನ್ನಾಗಿದೆ ಎಂದಳು. ಕೀಲಿಯನ್ನು ಚಿಕ್ಕಮ್ಮನ ಕೈಯಿಂದ ಈಸಿಕೊಂಡು ಹೋಗು, ನನ್ನನ್ನು ಕರೆಯಬೇಡ ಎಂದಳು.

ಕನ್ನಡಿಯಲ್ಲಿ ಅವನು ನಾಲ್ಕು ಹೆಜ್ಜೆ ಹಿಂದೆಯೇ ಓಡಿ ಬಂದದ್ದು ಕಂಡಿತು. ಮತ್ತೆ ನಿಂತದ್ದೂ ಕಂಡಿತು. ಅವಳು ವೇಗ ತಗ್ಗಿಸಲಿಲ್ಲ. ಸೇತುವೆ ಮುಗಿಯುವವರೆಗೂ ಅವನ ಮೇಲಿನ ಪ್ರೀತಿ ಒಂದು ತೊಟ್ಟೂ ಕಡಿಮೆಯಾಗಿರಲಿಲ್ಲ. ಅಷ್ಟನ್ನೂ ಹೊತ್ತುಕೊಂಡೇ ಅವಳು ಆಚೆ ದಾಟಿದಳು.