ಒಂಟಿಯವರಿಗೆ ಮನೆ ಕೊಡುವ ಮುನ್ನ

"ಯದುಗಿರಿ ಅಂದ್ರೆ ನೀವೇನಾ?"

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ. ಅರಸೀಕೆರೆಯ ನೋಂದಣಿ ಕಚೇರಿಯ ಎದುರಿನ ಪತ್ರ ಬರಹಗಾರರ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಯದುಗಿರಿ ತಲೆ ಎತ್ತಿದಳು. ಎದುರಿಗೆ ನಲವತ್ತರ ಆಸುಪಾಸಿನ ಗಂಡಸು. ಅಂಗಿಯ ತೋಳಿಗೆ ಔಷಧಿಯ ಹಳದಿ ಕಲೆ, ಕೈಯಲ್ಲಿ ಮೊಬೈಲ್.

"ಹೌದು. ಕರಾರು ಪತ್ರ ಮಾಡಿಸ್ಬೇಕಿತ್ತಾ? ಆಧಾರ್ ತಂದಿದ್ದೀರಾ?"

"ಕರಾರಿಗೆ ಮುಂಚೆ ಮನೆ ಸಿಗ್ಬೇಕಲ್ಲ ಮೇಡಂ." ಅವನು ಮೊಬೈಲನ್ನು ಅವಳ ಮುಂದೆ ಹಿಡಿದ. "ಇದು ನೀವು ಬರ್ದಿದ್ದಾ?"

ಅವಳದೇ ಮಾತು. ನಿನ್ನೆಯದು.

'ಒಂಟಿಯಾಗಿರುವವರಿಗೆ ಮನೆ ಕೊಡುವ ಮುನ್ನ ಮೂರು ಸಲ ಯೋಚಿಸಿ. ಸಂಸಾರಸ್ಥರು ಸಿಗುವವರೆಗೆ ಕಾದರೆ ನಷ್ಟವಿಲ್ಲ.'

"ಒಂಬತ್ತು ದಿನದಿಂದ ಹುಡುಕ್ತಾ ಇವ್ನಿ. ಆರು ಮನೆ ತಪ್ಪೋಯ್ತು. ಕೊನೇ ಮನೆಯವ್ರು ಬೀಗದ ಕೈ ಕೊಡಕ್ಕೆ ಒಪ್ಕಂಡಿದ್ರು. ಇವತ್ತು ಬೆಳಿಗ್ಗೆ ಹೋದ್ರೆ ಇದನ್ನ ತೋರಿಸಿ ಗೇಟ್ ಹಾಕಿದ್ರು."

ಅವನ ದನಿಯಲ್ಲಿ ಜಗಳವಿರಲಿಲ್ಲ. ಬರೀ ದಣಿವಿತ್ತು. ಜಗಳವಾಡಿದ್ದರೆ ಅವಳಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ನಿಮಗೆ ಮನೆಯವರು...?"

"ಬಿಟ್ಟು ಹೋಗಿ ಆರು ವರ್ಷ ಆಯ್ತು. ತೀರಿಕೊಂಡ್ರು ಅಂತ ಹೇಳಿದ್ರೆ ಎಲ್ರೂ ಮನೆ ಕೊಡ್ತಿದ್ರು. ಬದುಕಿರೋರನ್ನ ಸತ್ರು ಅನ್ನಕ್ಕೆ ನನಗೆ ಬಾಯಿ ಬರ್ಲಿಲ್ಲ." ಮೊಬೈಲನ್ನು ಜೇಬಿಗಿಟ್ಟುಕೊಂಡ. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ನೀವೂ ಒಬ್ರೇ ಅಂತ ಕೇಳಿವ್ನಿ. ನಿಮಗೇ ಬಾಡಿಗೆ ಮನೆ ಬೇಕು ಅಂದ್ರೆ, ನಿಮಗೆ ಯಾರು ಕೊಡ್ತಾರೆ?"

ಯದುಗಿರಿಯ ಬೆರಳುಗಳು ಕೀಲಿಮಣೆಯ ಮೇಲೆ ಹಾಗೇ ನಿಂತವು.

ಅವಳಿಗೆ ಮೂವತ್ತೆಂಟು. ಮದುವೆಯಾಗಿರಲಿಲ್ಲ. ಅಮ್ಮ ಹೋದ ಮೇಲೆ ಅಪ್ಪ ಅನಂತಸ್ವಾಮಿ ಮೇಷ್ಟ್ರು ಹಾಸಿಗೆ ಹಿಡಿದರು. ಎಂಟು ವರ್ಷ ಅವರ ಸೇವೆಯಲ್ಲಿ ಹೋಯಿತು. ಅವರೂ ಹೋಗಿ ನಾಲ್ಕು ವರ್ಷವಾಗಿತ್ತು. ಸ್ಟೇಷನ್ ಹಿಂದಿನ ಬೀದಿಯ ಅಪ್ಪನ ಮನೆಯಲ್ಲಿ ಕೆಳಗೆ ಅವಳೊಬ್ಬಳೇ; ಬಾಡಿಗೆಗೆ ಕೊಡುವ ಮೇಲಿನ ಮನೆ ಈಗ ಖಾಲಿ.

ದಿನವಿಡೀ ಬಾಡಿಗೆ ಕರಾರು ಟೈಪ್ ಮಾಡುವವಳಿಗೆ ಯಾವ ಬೀದಿಯಲ್ಲಿ ಬಾಡಿಗೆ ಎಷ್ಟು ಏರಿತು, ಯಾವ ಮನೆ ಖಾಲಿ ಬಿತ್ತು ಎಂಬುದೆಲ್ಲ ಗೊತ್ತಿರುತ್ತಿತ್ತು. ಯಾರೋ ಕೇಳಿದರೆಂದು ಒಂದು ಭಾನುವಾರ ವಾಟ್ಸ್ಯಾಪ್‌ನಲ್ಲಿ ಬರೆದಳು. ಈಗ ಅರಸೀಕೆರೆ, ಬಾಣಾವರ, ಬೇಲೂರಿನ ಮುನ್ನೂರು ಮನೆ ಮಾಲೀಕರು ಭಾನುವಾರದ ಅವಳ ಟಿಪ್ಪಣಿಗೆ ಕಾಯುತ್ತಿದ್ದರು. ಹನ್ನೊಂದು ತಿಂಗಳ ಕರಾರು ಹೇಗಿರಬೇಕು, ಬೀಗದ ಕೈ ಕೊಡುವ ದಿನ ಕರೆಂಟ್ ಮೀಟರಿನ ಫೋಟೋ ಏಕೆ ತೆಗೆಯಬೇಕು... ಎಲ್ಲವನ್ನೂ ಬರೆದಿದ್ದಳು.

ಆ ಸಾಲನ್ನೂ ಬರೆದಿದ್ದಳು. ನಾಲ್ಕಾರು ಜನ ಮಾಲೀಕರು ಹೇಳಿದರೆಂದು, ಯೋಚಿಸದೆ.

'ಈ ಮನುಷ್ಯ ಎಲ್ಲಿಗೆ ಹೋಗಬೇಕು ಈಗ?'

"ಇವತ್ತು ರಾತ್ರಿ ಎಲ್ಲಿರ್ತೀರಿ?" ಎಂದಳು.

"ಪಶು ಆಸ್ಪತ್ರೆಯಲ್ಲೇ ಕೆಲಸ ನಂದು. ಔಷಧಿ ರೂಮಲ್ಲೇ ಮಲಗ್ತಾ ಇವ್ನಿ."

ಅವಳು ಡ್ರಾಯರ್ ಎಳೆದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. "ಸ್ಟೇಷನ್ ಹಿಂದೆ. ಮೇಲಿನ ಮನೆ. ಹೋಗಿ ನೋಡಿ. ಸೂರು ಒಂದು ಕಡೆ ಸೋರತ್ತೆ, ಮೊದಲೇ ಹೇಳಿರ್ತೀನಿ."

ಅವನು ನಂಬದವನಂತೆ ನೋಡಿದ.

"ಹೆಸರು ಹೇಳಿ. ಕರಾರಿಗೆ ಬೇಕು."

"ಗುರುಮೂರ್ತಿ. ಬೇಲೂರು ತಾಲ್ಲೂಕು ಮಾದಿಹಳ್ಳಿ."

* * *

ಅವನು ಬಂದದ್ದು ಜೂನ್‌ನಲ್ಲಿ. ಸದ್ದಿಲ್ಲದ ಮನುಷ್ಯ. ಬೆಳಿಗ್ಗೆ ಆರಕ್ಕೆ ಮೆಟ್ಟಿಲಿಳಿದು ಹಳ್ಳಿಗಳಿಗೆ ಹೋದರೆ ಸಂಜೆ ದನದ ಕೊಟ್ಟಿಗೆಯ ವಾಸನೆ ಹೊತ್ತು ಬರುತ್ತಿದ್ದ. ಸೋರುವ ಸೂರನ್ನು ಯಾರನ್ನೂ ಕೇಳದೆ ಒಂದು ರಜೆಯಲ್ಲಿ ತಾನೇ ಸರಿಮಾಡಿದ.

"ಅದು ಮಾಲೀಕರ ಕೆಲಸ ಕಣ್ರೀ," ಎಂದು ಅವಳು ಕೆಳಗಿನಿಂದ ಹೇಳಿದಳು.

"ಹಂಗಂತ ನಿಮ್ಮ ಟಿಪ್ಪಣಿಯಲ್ಲಿ ಬರೀರಿ. ಬಾಡಿಗೆಯೋರು ಏನು ಮಾಡಬೇಕು ಅಂತ ಪುಟಗಟ್ಟಲೆ ಬರೀತೀರಿ. ಮಾಲೀಕರು ಏನು ಮಾಡಬೇಕು ಅಂತ ಯಾರು ಬರೀತಾರೆ?"

ಅವನಿಗೂ ಆ ಟಿಪ್ಪಣಿ ಬರುತ್ತಿತ್ತು. ಮಾದಿಹಳ್ಳಿಯ ಅವನ ಹಳೇ ಮನೆಯಲ್ಲಿ ಶಾಲೆಯ ಟೀಚರೊಬ್ಬರು ಬಾಡಿಗೆಗಿದ್ದರು. ಅದರಿಂದ ಅವನೂ ಮಾಲೀಕನೇ.

ಮುಂದಿನ ಭಾನುವಾರ ಅವಳು ಬರೆದಳು: 'ಬಾಡಿಗೆ ಏರಿಸುವ ಮುಂಚೆ ಸೂರು ನೋಡಿ. ಸುಣ್ಣ ಬಣ್ಣಕ್ಕಿಂತ ಸೋರದ ಮನೆಗೆ ಜನ ಹೆಚ್ಚು ವರ್ಷ ಇರುತ್ತಾರೆ.'

ಸಂಜೆ ಮೆಟ್ಟಿಲಿಳಿದವನು, "ಓದ್ದೆ," ಎಂದಷ್ಟೇ ಹೇಳಿ ನಕ್ಕ.

ಆ ನಗು ಅವಳ ಜೊತೆ ಅಡುಗೆಮನೆವರೆಗೂ ಬಂತು. ಹಾಲು ಉಕ್ಕಿತು. ಒಲೆ ಒರೆಸುತ್ತ ತನ್ನ ಮೇಲೇ ಬೇಸರಪಟ್ಟುಕೊಂಡಳು.

ಆಮೇಲೆ ಶನಿವಾರದ ಸಂಜೆಗಳು ಹಾಗೇ ಬೆಳೆದವು. ಅವನು ಮೆಟ್ಟಿಲ ಮೇಲೆ, ಅವಳು ಹೊಸ್ತಿಲ ಬಳಿ. ನಡುವೆ ಕಾಫಿ ಲೋಟ. ಅವನು ಹಳ್ಳಿಗಳ ಸುದ್ದಿ ಹೇಳುತ್ತಿದ್ದ. ಅವಳು ಆ ವಾರದ ಕರಾರುಗಳ ಬಗ್ಗೆ ಹೇಳುತ್ತಿದ್ದಳು. ಎಷ್ಟೋ ವರ್ಷಗಳಿಂದ ಯಾರೂ ಅವಳ ದಿನ ಹೇಗಾಯಿತೆಂದು ಕೇಳಿರಲಿಲ್ಲ. ಅವನು ಕೇಳುತ್ತಿದ್ದ. ಉತ್ತರ ಮುಗಿಯುವವರೆಗೂ ಕಾಯುತ್ತಿದ್ದ.

ಏಪ್ರಿಲ್‌ನ ಒಂದು ಶನಿವಾರ ಅವನು ಲೋಟ ಕೆಳಗಿಟ್ಟು, ಅವಳ ಮುಖ ನೋಡದೆ ಹೇಳಿದ.

"ನಮ್ಮಕ್ಕ ನಿಮ್ಮನ್ನ ನೋಡ್ಬೇಕಂತೆ. ಮಾದಿಹಳ್ಳಿಗೆ ಒಂದ್ಸಲ ಬತ್ತೀರಾ?"

"ಯಾಕೆ?"

"ನಾನು ನಿಮ್ಮ ವಿಷಯ ಹೇಳಿದ್ದೆ. ನಮ್ದು ನಿಮ್ದು ಜನ ಬೇರೆ, ಗೊತ್ತು. ನನ್ನ ಹಿಂದಿನ ಕತೆ, ಕೋರ್ಟಲ್ಲಿ ಡೈವೋರ್ಸ್ ಆಗಿದ್ದು ಎಲ್ಲ ನಿಮಗೆ ಗೊತ್ತು. ಆದ್ರೂ ಕೇಳ್ತಾ ಇವ್ನಿ, ಯದುಗಿರಿಯವರೇ. ಅವಸರ ಇಲ್ಲ. ಯೋಚ್ನೆ ಮಾಡಿ ಹೇಳಿ."

ಯೋಚಿಸುವುದೇನಿರಲಿಲ್ಲ. ಆದರೆ ಅಷ್ಟು ಬೇಗ ಹೂಂ ಅನ್ನಲು ಸಂಕೋಚವಾಗಿ, "ನಾಳೆ ಹೇಳ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಶಿವಮೊಗ್ಗದಿಂದ ಅಣ್ಣ ವಿಜಯಸಾರಥಿ ಬಂದ.

* * *

"ಈ ಮನೆ ಮಾರ್ಬಿಟ್ಟೆ ಕಣೇ ಗಿರಿ," ಎಂದ ಅಣ್ಣ, ತಿಂಡಿ ತಿನ್ನುತ್ತ. "ಒಳ್ಳೇ ಜನ ಸಿಕ್ಕಿದ್ರು. ಶ್ರಾವಣಕ್ಕೆ ಅವರು ಒಳಗೆ ಬರ್ಬೇಕಂತೆ. ಮೇಲಿನವರನ್ನ ಈ ತಿಂಗಳಲ್ಲೇ ಬಿಡಿಸು. ನೀನು ಆಷಾಢದೊಳಗೆ ಖಾಲಿ ಮಾಡಿದ್ರೆ ಸಾಕು."

ಅವಳು ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

ಅಪ್ಪ ತೀರಿಕೊಂಡ ವರ್ಷ, ಮನೆಯಲ್ಲಿ ತನಗಿದ್ದ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಟ್ಟ ಪತ್ರವನ್ನು ಟೈಪ್ ಮಾಡಿದ್ದು ಅವಳೇ. 'ನೀನಿರೋವರೆಗೂ ಇದು ನಿನ್ನ ಮನೇನೇ' ಎಂದು ಅವನು ಆಗ ಹೇಳಿದ್ದ. ಆ ಮಾತನ್ನು ಮಾತ್ರ ಪತ್ರದಲ್ಲಿ ಸೇರಿಸಿರಲಿಲ್ಲ. ಮುನ್ನೂರು ಜನರಿಗೆ 'ಬಾಯಿಮಾತನ್ನು ನಂಬಬೇಡಿ, ಬರೆಸಿಕೊಳ್ಳಿ' ಎಂದು ಹೇಳುವವಳು, ಒಡಹುಟ್ಟಿದವನ ಹತ್ತಿರ ಬರೆಸಿಕೊಳ್ಳುವುದು ಹೇಗೆಂದು ಸುಮ್ಮನಾಗಿದ್ದಳು.

"ನಾನೆಲ್ಲಿ ಹೋಗ್ಲಿ ಅಣ್ಣ?"

"ನಿನಗೇನೇ, ಊರಿನ ಮನೆಗಳೆಲ್ಲ ನಿನ್ನ ಕೈಯಲ್ಲೇ ಇವೆ. ಇಲ್ಲದಿದ್ರೆ ಶಿವಮೊಗ್ಗಕ್ಕೆ ಬಾ. ಅಡುಗೆಮನೆ ಪಕ್ಕದ ರೂಮು ಖಾಲಿ ಇದೆ."

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಸಂಜೆ ಗುರುಮೂರ್ತಿ ಮೆಟ್ಟಿಲಿಳಿದು ಬಂದ. ಒಗೆದ ಬಿಳಿ ಅಂಗಿ ಹಾಕಿದ್ದ. ತಲೆ ಬಾಚಿದ್ದ. 

'ಇವತ್ತು ಹೂಂ ಅಂದರೆ... ಮನೆ ಹೋಯಿತೆಂದು ಒಪ್ಪಿದಳು ಅಂತ ಆಗುತ್ತದೆ. ಇವರಿಗೆ ಹಾಗನ್ನಿಸದಿದ್ದರೂ ನನಗೆ ಅನ್ನಿಸುತ್ತದೆ. ಬೆಳಿಗ್ಗೆ ಏಳುವಾಗಲೆಲ್ಲ ಅನ್ನಿಸುತ್ತದೆ.'

"ಯೋಚ್ನೆ ಮಾಡಿದ್ರಾ?" ಎಂದು ಕೇಳಿದ.

"ನಿಮ್ಮ ಕರಾರು ಈ ತಿಂಗಳಿಗೆ ಮುಗಿಯತ್ತೆ," ಎಂದಳು. ದನಿ ಅವಳಿಗೇ ಪರಕೀಯವೆನಿಸಿತು. "ಮುಂದುವರಿಸೋಕಾಗಲ್ಲ. ಮನೆ ಖಾಲಿ ಮಾಡಿಕೊಡಿ."

ಗುರುಮೂರ್ತಿ ನಿಧಾನವಾಗಿ ತಲೆಯಾಡಿಸಿದ. 

"ಕೇಳ್ಬಾರ್ದಿತ್ತು ನಾನು. ತಪ್ಪಾಯ್ತು."

"ಅದಕ್ಕಲ್ಲ..."

"ಬಿಡಿ ಮೇಡಂ. ಅರ್ಥ ಆಯ್ತು."

ಹತ್ತು ತಿಂಗಳ ಮೇಲೆ ಮತ್ತೆ 'ಮೇಡಂ' ಎಂದ. ಮೂರನೇ ದಿನಕ್ಕೇ ಸಾಮಾನು ಕಟ್ಟಿಕೊಂಡು ಬಾಣಾವರಕ್ಕೆ ಹೋದ. ಅಲ್ಲಿಂದ ರೈಲಿನಲ್ಲಿ ಕೆಲಸಕ್ಕೆ ಬಂದು ಹೋಗುತ್ತಾನೆಂದು ಯಾರೋ ಹೇಳಿದರು. ಮೇಲಿನ ಮನೆ ಗುಡಿಸಿಟ್ಟಿತ್ತು. ಮೀಟರಿನ ಫೋಟೋ ಅವಳ ಮೊಬೈಲಿಗೆ ಬಂದಿತ್ತು. ಜೊತೆಗೆ ಒಂದು ಮಾತೂ ಇರಲಿಲ್ಲ.

* * *

ಯದುಗಿರಿ ಮನೆ ಹುಡುಕಲು ಹೊರಟಳು.

ಹಾಸನ ರಸ್ತೆಯ ಗಂಗಾಧರಯ್ಯನವರು ಅವಳನ್ನು ಕೂರಿಸಿ ಮಜ್ಜಿಗೆ ಕೊಟ್ಟರು. "ನೀವು ಒಳ್ಳೆಯವರೇ ಕಣಮ್ಮ. ಆದ್ರೆ ಒಬ್ಬರೇ ಅಂದ್ರೆ ನಮ್ಮ ಮನೆಯಲ್ಲಿ ಒಪ್ಪಲ್ಲ. ನೀವೇ ಬರೆದಿದ್ರಲ್ಲ..."

ಬಸ್ ಸ್ಟ್ಯಾಂಡ್ ಹಿಂದಿನ ಮನೆಯಾಕೆ, "ನಾಳೆ ಫೋನ್ ಮಾಡ್ತೀನಿ," ಎಂದರು. ಮಾಡಲಿಲ್ಲ. ಇನ್ನೊಂದು ಕಡೆ, "ಯಾರ್ಯಾರು ಬಂದು ಹೋಗ್ತಾರೆ ನಿಮ್ಮನೆಗೆ?" ಎಂದು ಕೇಳಿದರು. ನಾಲ್ಕನೆಯ ಮನೆಯಲ್ಲಿ ಗೇಟು ತೆರೆಯಲೇ ಇಲ್ಲ. ಕಿಟಕಿಯಿಂದಲೇ 'ಕೊಟ್ಟಾಯ್ತು' ಎಂದರು. 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ಅವರ ತಲೆಯ ಮೇಲೇ ನೇತಾಡುತ್ತಿತ್ತು.

ಎರಡು ತಿಂಗಳು ಹೀಗೇ ಕಳೆಯಿತು. ಬಿಸಿಲಲ್ಲಿ ನಡೆದು ನಡೆದು ಕಾಲು ಬಾತುಕೊಂಡಿತು. ಒಂದು ಮಧ್ಯಾಹ್ನ ಬೀದಿ ಬದಿಯ ಕಲ್ಲುಹಾಸಿನ ಮೇಲೆ ಕೂತವಳಿಗೆ ಏಳಬೇಕೆನ್ನಿಸಲಿಲ್ಲ.

'ಒಂಬತ್ತು ದಿನ ಅವರು ಹೀಗೇ ತಿರುಗಿದ್ದರು. ಕೊನೆಗೆ ಸಿಕ್ಕ ಮನೆಯೂ ತಪ್ಪಿದ್ದು ನಾನು ಬರೆದ ಒಂದು ಸಾಲಿಗೆ.'

ಆ ಭಾನುವಾರ ಬೆಳಿಗ್ಗೆ ಟಿಪ್ಪಣಿ ಬರೆದಳು.

'ಮಾಲೀಕರಿಗೆ ನಮಸ್ಕಾರ. ಮಾಲೇಕಲ್ ರಸ್ತೆಯ ಕಡೆ ಎರಡು ಕೋಣೆಯ ಮನೆಗಳಿಗೆ ಕೇಳುವವರು ಹೆಚ್ಚಾಗಿದ್ದಾರೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆಯ ಮನೆಗಳು ಮೂರು ತಿಂಗಳಿಂದ ಖಾಲಿ ಇವೆ. ಖಾಲಿ ಇರುವುದಕ್ಕೆ ನಾನೂ ಕಾರಣ. ಒಂಟಿಯವರಿಗೆ ಕೊಡಬೇಡಿ ಎಂಬಂತೆ ಕಳೆದ ವರ್ಷ ಬರೆದಿದ್ದೆ. ಅದು ತಪ್ಪು. ಕೆಲಸವೇನು, ಹಿಂದಿನ ಮನೆಯಲ್ಲಿ ಹೇಗಿದ್ದರು, ಇವೆರಡನ್ನು ವಿಚಾರಿಸಿ. ಜೊತೆಗೆ ಯಾರಿದ್ದಾರೆ ಎಂಬುದರಿಂದ ಮನುಷ್ಯ ಗೊತ್ತಾಗುವುದಿಲ್ಲ. ನಾನಿರುವ ಮನೆ ನನ್ನದಲ್ಲ, ಮಾರಾಟವಾಗಿದೆ. ಎರಡು ತಿಂಗಳಿಂದ ನಿಮ್ಮಲ್ಲಿ ಹಲವರ ಬಾಗಿಲಿಗೆ ಬಂದು ಹೋಗಿದ್ದೇನೆ. ನನ್ನ ಆ ಸಾಲಿನಿಂದ ಮನೆ ಸಿಗದೆ ತಿರುಗಿದವರಲ್ಲಿ ಕ್ಷಮೆ ಕೇಳುತ್ತೇನೆ.'

ಕಳಿಸಿ, ಮೊಬೈಲನ್ನು ಮಗುಚಿ ಇಟ್ಟಳು. ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತತೊಡಗಿದಳು. ಶಿವಮೊಗ್ಗದ ಆ ರೂಮಿಗೆ ಎಷ್ಟು ಪಾತ್ರೆ ಹಿಡಿಸುತ್ತದೋ...

ಹನ್ನೆರಡರ ಹೊತ್ತಿಗೆ ಗೇಟಿನ ಸದ್ದಾಯಿತು. ಗುರುಮೂರ್ತಿ ನಿಂತಿದ್ದ. ಬೆವರಿದ್ದ.

"ಮನೆ ಮಾರಾಟ ಆಗಿದ್ದು ಯಾವಾಗ?"

"ನೀವು ಬಿಳಿ ಅಂಗಿ ಹಾಕ್ಕೊಂಡು ಬಂದ್ರಲ್ಲ, ಅವತ್ತು ಬೆಳಿಗ್ಗೆ ನನಗೆ ಗೊತ್ತಾಯ್ತು."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ನಾನು ಏನೇನೋ ಅಂದ್ಕಂಡೆ. ನಮ್ಮ ಜನಕ್ಕೆ, ನನ್ನ ಹಳೇ ಕತೆಗೆ ಹೇಸಿದ್ರಿ ಅಂದ್ಕಂಡು ಎರಡು ತಿಂಗಳು... ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಅವತ್ತೇ ಕರ್ಕೊಂಡು ಹೋಗ್ತಿದ್ರಿ." ಅವಳು ಸುತ್ತಿದ ಪಾತ್ರೆಯನ್ನು ಮಡಿಲಲ್ಲೇ ಇಟ್ಟುಕೊಂಡಳು. "ಇರೋಕೆ ಜಾಗ ಇಲ್ಲ ಅಂತ ನಿಮ್ಮನ್ನ ಒಪ್ಕೊಂಡ ಹಾಗಾಗ್ತಿತ್ತು. ಅದು ನನಗೆ ಬೇಡ. ನಿಮಗೂ ಅನ್ಯಾಯ."

ಅವನು ಹೊಸ್ತಿಲ ಮೇಲೆ ಕೂತ. ಹೊರಗೆ ಯಾವುದೋ ರೈಲು ನಿಂತು, ಹೊರಟಿತು.

"ಸರಿ," ಎಂದ ಕೊನೆಗೆ. "ಹಂಗಾದ್ರೆ ಮೊದ್ಲು ನಿಮ್ಮ ಹೆಸರಿಗೆ ಒಂದು ಮನೆ ನೋಡಣ. ನನ್ನ ವಿಷಯ ಆಮೇಲೆ. ಏಳಿ, ಚಪ್ಪಲಿ ಹಾಕ್ಕಳಿ."

"ಎಲ್ಲ ಕಡೆ ಕೇಳಾಯ್ತು."

"ಫೋನ್ ನೋಡಿದ್ರಾ?"

ನೋಡಿರಲಿಲ್ಲ. ಮೊಬೈಲನ್ನು ತಿರುಗಿಸಿದಳು. ಬೈದವರೂ ಇದ್ದರು, ಗುಂಪು ಬಿಟ್ಟು ಹೋದವರೂ ಇದ್ದರು. ನಡುವೆ ಮಾಲೇಕಲ್ ರಸ್ತೆಯ ಕೆಂಪಲಕ್ಷ್ಮಮ್ಮ ಎಂಬಾಕೆಯ ದನಿ ಸಂದೇಶ. "ಯದುಗಿರಮ್ಮ, ನಾನೂ ಒಬ್ಬಳೇ ಇರಾದು ಕಣವ್ವ. ಮ್ಯಾಲೆ ಮನೆ ಖಾಲಿ ಐತೆ. ಬಂದು ನೋಡ್ಕಂಡೋಗು."

* * *

ಕರಾರನ್ನು ಯದುಗಿರಿಯೇ ಟೈಪ್ ಮಾಡಿದಳು. ಬಾಡಿಗೆದಾರರ ಹೆಸರಿನ ಜಾಗದಲ್ಲಿ ತನ್ನ ಹೆಸರು ಹಾಕುವಾಗ ಒಂದು ಕ್ಷಣ ಬೆರಳು ತಡೆಯಿತು. ಆಮೇಲೆ ಹಗುರವಾಯಿತು.

ಮುಂದಿನ ಭಾನುವಾರ ಗುರುಮೂರ್ತಿ ಅವಳ ಕಪಾಟನ್ನು ಹೊತ್ತು ಆ ಮನೆಯ ಮೆಟ್ಟಿಲು ಹತ್ತಿಸಿದ. ಕೆಂಪಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟು ಕೆಳಗೆ ನಿಂತು ನೋಡುತ್ತಿದ್ದರು.

"ಏನವ್ವ, ನಾನು ಕೇಳ್ದೆ ಅಂತ ಬೇಜಾರು ಮಾಡ್ಕಬ್ಯಾಡ. ಈಯಪ್ಪ ನಿಂಗೆ ಏನಾಗ್ಬೇಕು?"

ಗುರುಮೂರ್ತಿ ಗಾಬರಿಯಿಂದ, "ಸಾಮಾನು ಸಾಗ್ಸಕ್ಕೆ ಬಂದಿದ್ದೆ ಅಮ್ಮ, ಈಗ ಹೊಂಡ್ತೀನಿ," ಎಂದ.

"ನಾನು ಮದುವೆಯಾಗೋರು," ಎಂದಳು ಯದುಗಿರಿ.

ಕೆಂಪಲಕ್ಷ್ಮಮ್ಮ ಇಬ್ಬರನ್ನೂ ಒಮ್ಮೆ ನೋಡಿ, "ಹಂಗಾದ್ರೆ ಊಟ ಮಾಡ್ಕಂಡೇ ಹೋಗ್ಲಿ," ಎಂದು ಒಳಗೆ ಹೋದರು.

ಮೇಲೆ ರಟ್ಟಿನ ಡಬ್ಬಗಳ ನಡುವೆ ಇಬ್ಬರೇ ಉಳಿದರು. ಗುರುಮೂರ್ತಿ ಕಪಾಟಿಗೆ ಒರಗಿ ನಿಂತಿದ್ದ. ಕಣ್ಣು ತುಂಬಿತ್ತು.

"ಆಯಮ್ಮ ಕೇಳಿದ್ರು ಅಂತ ಹೇಳಿದ್ರಾ?"

"ನೀವು ಕೇಳಿ ಎರಡು ತಿಂಗಳ ಮೇಲಾಯ್ತು. ನಾಳೆ ಹೇಳ್ತೀನಿ ಅಂದಿದ್ದೆ. ಸ್ವಲ್ಪ ತಡವಾಯ್ತು." ಅವಳು ಗೋಡೆಗೊರಗಿ ನೆಲದ ಮೇಲೇ ಕೂತಳು. "ತುಂಬ ಸುಸ್ತಾಗಿದೆ ರೀ. ಎಷ್ಟೋ ವರ್ಷದ್ದು."

"ಕೂತಿರಿ. ಕಾಫಿ ನಾನು ಮಾಡ್ತೀನಿ. ಸಕ್ಕರೆ ಎಲ್ಲೈತೆ?"

"ಯಾವ ಡಬ್ಬದಲ್ಲಿ ಹಾಕಿದ್ನೋ ನೆನಪಿಲ್ಲ."

"ಇರ್ಲಿ ಬಿಡಿ, ಹುಡುಕ್ತೀನಿ. ನೀವು ಕಣ್ಣು ಮುಚ್ಕಳಿ."

ಅವಳು ಕಣ್ಣು ಮುಚ್ಚಿದಳು.