ಫೈನಲ್ಲಿನ ಪಂಗ್ತಿ

ಮೂಡಲಗಿಯ ಹುಡುಗರು ಎಷ್ಟು ಚೆಂಡು ಬಡಿದರೂ ಒಂದು ಗೋಲೂ ಬಿಡದಿದ್ದ ಅಲ್ಲಪ್ಪನನ್ನು ಫೈನಲ್ ಆಟದಿಂದ ತೆಗೆದರು. ಅವನ ಜಾಗಕ್ಕೆ ಗೌಡರ ಮಗ ದುಂಡಪ್ಪನನ್ನು ಹಾಕಿದರು.

ಗೋಕಾಕದ ಹಾದಿಯಲ್ಲಿ ಜಾಲಿಕೊಪ್ಪದ ಟೀಮಿನ ಚಕ್ಕಡಿ ಗಾಡಿ ಕುಲುಕುತ್ತಿತ್ತು. ಅದಕ್ಕಿಂತ ಜೋರಾಗಿ ದುಂಡಪ್ಪನ ಕಾಲು ಕುಣಿಯುತ್ತಿತ್ತು.

"ಲೇ ಜರಡಿ, ಕಾಲ ಕುಣಸಬ್ಯಾಡೋ. ಚಕ್ಕಡಿ ಮಗಚಿ ಬೀಳತೈತಿ!" ಎಂದ ಕ್ಯಾಪ್ಟನ್ ರಾಯಪ್ಪ. ಎಲ್ಲರೂ ನಕ್ಕರು.

ಹೋದ ವರ್ಷದ ಫೈನಲ್ಲಿನಲ್ಲೂ ಅಲ್ಲಪ್ಪನ ಬದಲು ಗೋಲಿಗೆ ನಿಂತಿದ್ದ ದುಂಡಪ್ಪನ ಕಾಲಸಂದಿಯಿಂದಲೇ ನಾಲ್ಕು ಗೋಲು ತೂರಿಹೋಗಿದ್ದವು. ಅಂದಿನಿಂದ ಅವನ ಹೆಸರು ಜರಡಿ.

ಆದರೆ ಸೋಲುವ ರೋಗ ಅವನಿಂದ ಶುರುವಾದದ್ದಲ್ಲ. ಒಲಿಂಪಿಕ್ಸ್‌ನಲ್ಲಿ ನಮ್ಮವರು ಗೆದ್ದ ಸುದ್ದಿ ಪೇಪರಿನಲ್ಲಿ ಬಂದಾಗಿನಿಂದ ಜಾಲಿಕೊಪ್ಪದ ಹುಡುಗರಿಗೆ ಹಾಕಿಯ ಹುಚ್ಚು. ಜಾಲಿಯ ಡೊಂಕು ಕೊಂಬೆ ಕಡಿದು ಕೋಲು ಮಾಡಿಕೊಂಡು ಸುತ್ತಲಿನ ಊರುಗಳನ್ನೆಲ್ಲ ಸೋಲಿಸುವುದು. ಫೈನಲ್ಲಿಗೆಂದು ಗೋಕಾಕಕ್ಕೆ ಬಂದು ಮುಖ ಕೆಳಗೆ ಹಾಕಿಕೊಂಡು ವಾಪಸಾಗುವುದು. ಪ್ರತಿ ವರ್ಷ ಇದೇ ಕತೆ.

ಊರ ಮಂದಿ ಇದಕ್ಕೆ ದೃಷ್ಟಿ ಎಂದರು. ಇವತ್ತು ಬೆಳಿಗ್ಗೆ ದುಂಡಪ್ಪನ ಅಜ್ಜಿ ಶೆಟ್ಟೆವ್ವ ಕೋಲುಗಳಿಗೆಲ್ಲ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಟೀಮಿಗೆ ಟೀಮೇ ಕೆಮ್ಮುತ್ತ ಚಕ್ಕಡಿ ಹತ್ತಿತ್ತು.

ಅಲ್ಲಪ್ಪ ಮಾತ್ರ ಚಕ್ಕಡಿಯ ಹಿಂದೆ ನಡೆದು ಬರುತ್ತಿದ್ದ. ಅವನ ಮನೆ ಊರ ಹೊರಗಿನ ಕೇರಿಯಲ್ಲಿ. ಶಾಲೆಯಲ್ಲಿ ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಪಾಠ ಕೇಳಬೇಕು. ಊರವರ ಚಕ್ಕಡಿ ಹತ್ತುವ ಹಾಗಿಲ್ಲ. ಹಾಕಿ ಕೋಲುಗಳ ಕಟ್ಟು ಮಾತ್ರ ಅವನ ತಲೆಯ ಮೇಲಿತ್ತು.

ದುಂಡಪ್ಪ ಚಕ್ಕಡಿಯ ತುದಿಗೆ ಸರಿದ. "ಅಲ್ಲಪ್ಪಾ, ನಿನ್ನ ಯಾಕ ತಗದಾರೋ?"

"ನಿಮ್ಮ ಮಾಸ್ತರನ್ನ ಕೇಳು."

"ನಿನಗ ಸಿಟ್ಟು ಬಂದಿಲ್ಲೇನು?"

"ಬಂದೈತಿ. ಚಕ್ಕಡ್ಯಾಗ ಕುಂತ ಸಣ್ಣ ಗೌಡ್ರಿಗಿ ಹೇಳಿ ಏನ ಮಾಡ್ಲಿ?"

ದುಂಡಪ್ಪನ ಕಾಲು ಒಂದು ಗಳಿಗೆ ನಿಂತಿತು. ಮತ್ತೆ ಕುಣಿಯತೊಡಗಿತು.

ಘಟಪ್ರಭೆಯ ದಂಡೆಯ ಬಯಲಿನಲ್ಲಿ ಹುಕ್ಕೇರಿಯ ಟೀಮು ಆಗಲೇ ಟಪ್ ಟಪ್ ಎಂದು ಚೆಂಡು ಬಡಿಯುತ್ತಿತ್ತು. ಒಂದು ಬದಿಗೆ ಹಂದರ. ಅದರಡಿ ಫೈನಲ್ಲಿನ ಊಟ ಹಾಕಿಸುವ ಸಾವಕಾರರ ಆಳು ಎಲೆ ಹಾಸುತ್ತಿದ್ದ. ಬುಟ್ಟಿಯೊಳಗಿನ ಕರದಂಟಿನ ತುಪ್ಪದ ವಾಸನೆ ಬಯಲಿಗೆಲ್ಲ ಹಬ್ಬಿತ್ತು.

"ಸೋತರೂ ಚಿಂತಿಲ್ಲ, ಕರದಂಟು ಬಿಡಾಂಗಿಲ್ಲ," ಎಂದು ರಾಯಪ್ಪ ತುಟಿ ಸವರಿಕೊಂಡ.

ದುಂಡಪ್ಪ ಆಳನ್ನು ಕೇಳಿದ: "ಕಾಕಾ, ಈ ವರ್ಷಾನೂ ಎಲ್ಲಾರಿಗೂ ಒಂದ ಸಾಲೇನ್ರಿ?"

"ಹೂಂ ತಮ್ಮಾ. ಆಡಿದವ್ರೆಲ್ಲ ಒಂದ ಪಂಗ್ತ್ಯಾಗ ಕುಂಡ್ರಬೇಕು. ಮಾಮಲೇದಾರ ಸಾಹೇಬ್ರೂ ಅದರಾಗ, ನಮ್ಮ ಸಾವಕಾರ್ರೂ ಅದರಾಗ. ಫೈನಲ್ ಅಂದ್ರ ಹಿಂಗ ಪದ್ಧತಿ."

ದುಂಡಪ್ಪ ಆ ಎಲೆಗಳ ಸಾಲನ್ನೇ ನೋಡುತ್ತ ನಿಂತ. ಮೂಡಲಗಿಯಲ್ಲಿ ಪಂಗ್ತಿ ಇರಲಿಲ್ಲ. ಕೌಜಲಗಿಯಲ್ಲೂ ಇರಲಿಲ್ಲ. ಅಲ್ಲೆಲ್ಲ ಆಟ ಮುಗಿದ ಮೇಲೆ ತಮ್ಮ ತಮ್ಮ ರೊಟ್ಟಿಯ ಗಂಟು ಬಿಚ್ಚಿ ತಿಂದಿದ್ದರು. ಅಲ್ಲಪ್ಪ ದೂರದ ಗಿಡದ ಕೆಳಗೆ ಕೂತು ತಿಂದಿದ್ದ.

ಊಟ ಇದ್ದ ಆಟಕ್ಕೆ ಮಾತ್ರ ಅಲ್ಲಪ್ಪ ಇಲ್ಲ.

ದುಂಡಪ್ಪ ಟೀಮನ್ನು ಕರೆತಂದಿದ್ದ ಶಾಲೆಯ ಕೇದಾರಿ ಮಾಸ್ತರರ ಹತ್ತಿರ ಓಡಿದ. "ಮಾಸ್ತರ್ರ, ಊಟದ ಸಲುವಾಗಿ ಅಲ್ಲಪ್ಪನ್ನ ತಗದೀರೇನ್ರಿ?"

ಮಾಸ್ತರರು ಅತ್ತ ಇತ್ತ ನೋಡಿದರು. "ಸಾವಕಾಶ ಮಾತಾಡಲೇ! ಆಡಿದಾವನ್ನ ಪಂಗ್ತಿಗಿ ಕರೀಬೇಕಾಗತೈತಿ. ಅಂವನ್ನ ಕರದ್ರ ಉಳದವ್ರು ಎಲಿ ಬಿಟ್ಟು ಎದ್ದ ಹೋಗ್ತಾರ. ಆಮ್ಯಾಲ ಸಾವಕಾರ್ರಿಗಿ ನಾ ಹೆಂಗ ಮಾರಿ ತೋರಸ್ಲಿ?"

"ಹಂಗಾದ್ರ ನಾವು ಸೋಲೂದು ದೃಷ್ಟಿಗಿ ಅಲ್ಲೇನ್ರಿ?"

ಮಾಸ್ತರರು ಕೈ ಬೀಸಿದರು. "ಪ್ಯಾಡು ಕಟ್ಟಿಕೋ ಹೋಗು," ಎಂದರು.

ಹತ್ತು ಹೆಜ್ಜೆ ಆಚೆಯ ಜಾಲಿ ಗಿಡದಡಿ ನಿಂತಿದ್ದ ಅಲ್ಲಪ್ಪನಿಗೆ ಎಲ್ಲ ಕೇಳಿಸಿತ್ತು. "ಮಾಸ್ತರ್ರ, ನಿಮ್ಮ ಕರದಂಟು ನೀವ ತಿನ್ರಿ!" ಎಂದು ಕೂಗಿದ. "ನನಗ ಆಡಾಕಷ್ಟ ಬಿಡ್ರಿ!"

"ನೀ ಸುಮ್ನಿರು. ಚೆಂಡು ಹೊಳ್ಯಾಗ ಬಿದ್ರ ತಗೊಂಬಾ. ಅಷ್ಟ ನಿನ್ನ ಕೆಲಸ."

"ಅಂವಾ ಯಾಕ ಊಟ ಬಿಡಬೇಕ್ರಿ?" ಎಂದ ದುಂಡಪ್ಪ. ಮಾಸ್ತರರು ಆಗಲೇ ಮಾಮಲೇದಾರರ ಕಡೆ ಕೈ ಮುಗಿಯುತ್ತ ಹೊರಟಿದ್ದರು.

ದುಂಡಪ್ಪ ಕೂತು ಪ್ಯಾಡು ಕಟ್ಟಿಕೊಂಡ. ಗೋಣಿತಟ್ಟಿನಲ್ಲಿ ಹತ್ತಿ ತುಂಬಿ ಅಲ್ಲಪ್ಪನ ಅವ್ವ ಕರೆವ್ವ ಹೊಲಿದ ಪ್ಯಾಡು. ಮಗನ ಕಾಲಿನ ಅಳತೆಗೆ ಹೊಲಿದದ್ದು. ದುಂಡಪ್ಪ ಎಷ್ಟು ಬಿಗಿದರೂ ಅದು ಪಾದದವರೆಗೆ ಜಾರಿ ಬಂತು. ಕರೆವ್ವ ಹೊಲಿದದ್ದನ್ನು ಕಾಲಿಗೆ ಕಟ್ಟಿಕೊಳ್ಳಬಹುದು. ಅವಳ ಮಗ ಹೊತ್ತು ತಂದ ಕೋಲು ಹಿಡಿಯಬಹುದು. ಪಕ್ಕದಲ್ಲಿ ಕೂತು ಉಣ್ಣುವುದಕ್ಕೆ ಮಾತ್ರ ಆಗದು.

ಸೀಟಿ ಕೂಗಿತು. ಹುಡುಗರು ಬಯಲಿಗೆ ಇಳಿದರು.

"ಬಾರಲೇ ಜರಡಿ!" ಎಂದು ರಾಯಪ್ಪ ಕೂಗಿದ.

ದುಂಡಪ್ಪ ಎದ್ದ. ಗೋಲಿನ ಕಡೆ ಎರಡು ಹೆಜ್ಜೆ ಇಟ್ಟು, ತಿರುಗಿ ಜಾಲಿ ಗಿಡದ ಕಡೆ ನಡೆದ. ಪ್ಯಾಡು ಬಿಚ್ಚಿ ಅಲ್ಲಪ್ಪನ ಮುಂದೆ ಇಟ್ಟ. ಅವನ ಕೈ ಹಿಡಿದು ಕೂರಿಸಿ, ತಾನೂ ಭುಜಕ್ಕೆ ಭುಜ ತಾಗುವಂತೆ ಕೂತ.

ಅಲ್ಲಪ್ಪ ಬೆಚ್ಚಿದ. "ದೂರ ಸರಿಯೋ ಮಾರಾಯಾ! ಎಲ್ಲಾರೂ ನೋಡಾಕತ್ತಾರ. ನನಗ ಹೊಡತ ತಿನಸ್ತೀಯೇನು?"

"ನಾನಾಗೇ ಬಂದು ಕುಂತೇನಿ ಅಂತ ಹೇಳತೇನಿ."

ಮಾಸ್ತರರು ಧೋತರ ಎತ್ತಿಕೊಂಡು ಓಡಿ ಬಂದರು. ಅವರ ಮುಖದ ಬೆವರು ಮೀಸೆಗೆ ಇಳಿಯುತ್ತಿತ್ತು. "ಏಳಲೇ! ನಿಮ್ಮಪ್ಪಗ ಹೇಳತೇನಿ ನೋಡು!"

"ಹೇಳ್ರಿ."

"ಅಲ್ಲಿ ಗೋಲಿನ್ಯಾಗ ಯಾರೂ ಇಲ್ಲೋ!"

"ಅದಕ್ಕ ಇಂವಾ ಅದಾನಲ್ರಿ," ಎಂದು ದುಂಡಪ್ಪ ಅಲ್ಲಪ್ಪನನ್ನು ತೋರಿಸಿದ.

ಹುಕ್ಕೇರಿಯವರು ಕೋಲು ಊರಿ ನಿಂತು ಇತ್ತಲೇ ನೋಡುತ್ತಿದ್ದರು. ಹಂದರದಲ್ಲಿ ಸಾವಕಾರರು ಎದ್ದು ನಿಂತರು. ಅಲ್ಲಪ್ಪನ ಕೈ ಮೆಲ್ಲಗೆ ಪ್ಯಾಡಿನ ಹುರಿಯ ಮೇಲೆ ಬಂತು.

"ಕಡೀಕ ಹೇಳತೇನಿ ದುಂಡಪ್ಪಾ. ಏಳು!"

ಬೆಳಿಗ್ಗೆಯಿಂದ ಕುಣಿಯುತ್ತಿದ್ದ ಕಾಲು ಈಗ ನೆಲಕ್ಕೆ ಊರಿ ಸುಮ್ಮನಿತ್ತು.

"ನಾ ಏಳಾಂಗಿಲ್ರಿ," ಎಂದ ದುಂಡಪ್ಪ.