ಸೇತುವೆ ಮುಚ್ಚಿದ ಮೇಲೆ

“ಇಷ್ಟರಲ್ಲಿ ನೀವು ಯಾವುದು?”

ಸಂದರ್ಶನದ ಕೋಣೆಯ ಮೂಲೆಯಲ್ಲಿ ಕೂತು ಅಷ್ಟು ಹೊತ್ತೂ ತುಟಿ ಬಿಚ್ಚದಿದ್ದ ಮನುಷ್ಯ ಕೇಳಿದ್ದು ಅದೊಂದೇ ಪ್ರಶ್ನೆ. ಗುಬ್ಬಿಯ ಕಿವಿಗಳು ಬಿಸಿಯಾದವು. ಪತ್ರಿಕೆಯಲ್ಲಿ ಉಪಸಂಪಾದಕಿಯಾಗಿದ್ದೆ, ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸಿದ್ದೆ, ಜಾಹೀರಾತು ಬರೆದಿದ್ದೆ, ಸಿನಿಮಾಗಳಿಗೆ ಡಬ್ಬಿಂಗ್ ಮಾಡಿದ್ದೆ ಎಂದು ಅವಳು ಆಗಷ್ಟೇ ಹೇಳಿ ಮುಗಿಸಿದ್ದಳು. ಹೇಳುವಾಗ ಇದ್ದ ಹುರುಪು ಆ ಪ್ರಶ್ನೆಗೆ ಠುಸ್ಸೆಂದಿತು.

“ಎಲ್ಲವೂ ನಾನೇ ಸರ್,” ಎಂದಳು.

ಗುಬ್ಬಿ ಅನ್ನುವುದು ಮನೆಯವರು ಇಟ್ಟ ಹೆಸರು. ಚಿಕ್ಕಂದಿನಲ್ಲಿ ಸದಾ ಚಿಲಿಪಿಲಿ ಅನ್ನುತ್ತಿದ್ದಳೆಂದು ಅಕ್ಕ ಕರೆದದ್ದು. ಈಗ ಭಾವ ಅದಕ್ಕೆ ಬೇರೆ ಅರ್ಥ ಹಚ್ಚಿದ್ದರು. ನಮ್ಮ ಗುಬ್ಬಿ ಯಾವ ಕೊಂಬೆಯ ಮೇಲೂ ಎರಡು ವರ್ಷ ಕೂರುವುದಿಲ್ಲ ಎಂದು ನೆಂಟರ ಮುಂದೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಕೆಲಸವೇನೋ ಸಿಕ್ಕಿತು. ನದಿಯ ಮೇಲಿನ ಹಳೆಯ ಸೇತುವೆಯನ್ನು ನೋಡಿಕೊಳ್ಳುವ ಕಚೇರಿ ಅದು. ಕರಪತ್ರ, ಪ್ರಕಟಣೆ ಬರೆಯಲು ಆರು ತಿಂಗಳ ಮಟ್ಟಿಗೆ ಒಬ್ಬರು ಬೇಕಿತ್ತು. ಕಚೇರಿಯ ಮುಖ್ಯಸ್ಥೆ ಕನ್ನಡಕದ ಮೇಲಿಂದ ನೋಡುವ, ಕಡಿಮೆ ಹೊಗಳುವ ಹೆಂಗಸು. ಮೂಲೆಯ ಕುರ್ಚಿಯ ಮನುಷ್ಯ ಸೇತುವೆಯ ಇಂಜಿನಿಯರ್. ಗುಬ್ಬಿ ಬರೆದದ್ದೆಲ್ಲ ಅವನ ಕಣ್ಣು ದಾಟಿಯೇ ಹೊರಗೆ ಹೋಗಬೇಕಿತ್ತು.

ಮೊದಲ ಕರಪತ್ರ ಹಿಡಿದು ಅವನು ಅವಳ ಮೇಜಿನ ಬಳಿ ಬಂದು ನಿಂತ.

“‘ಹಾಳಾಗಿದೆ’ ಅಂತ ಬರೆದಿದ್ದೀರಿ. ಹಾಳಾಗಿಲ್ಲ. ಸವೆದಿದೆ.”

“ಓದುವವರಿಗೆ ನಿದ್ದೆ ಬರಬಾರದಲ್ಲ ಸರ್.”

“ನಿದ್ದೆ ಕೆಡಲೂಬಾರದು.”

ಅವಳು ತಲೆಯೆತ್ತಿದಳು. ಅವನ ತುಟಿಯ ಒಂದು ಅಂಚು ಮಾತ್ರ ಸ್ವಲ್ಪ ಮೇಲೆದ್ದಿತ್ತು. ಇನ್ನೊಂದು ಅಂಚಿಗೆ ಇನ್ನೂ ಅಪ್ಪಣೆ ಸಿಕ್ಕಿಲ್ಲವೇನೋ ಎನ್ನುವಂತೆ ಸುಮ್ಮನಿತ್ತು. ಗುಬ್ಬಿ ‘ಸವೆದಿದೆ’ ಎಂದು ತಿದ್ದಿದಳು. ಅವತ್ತಿಡೀ ಆ ಅರ್ಧ ನಗು ಕಣ್ಣ ಮುಂದಿನಿಂದ ಸರಿಯಲಿಲ್ಲ.

ಸಂಜೆ ಕಚೇರಿ ಬಿಟ್ಟ ಮೇಲೆ ಅವನು ಸೇತುವೆಯ ಮೇಲೆ ನಡೆದುಕೊಂಡೇ ಆಚೆ ದಡಕ್ಕೆ ಹೋಗುತ್ತಿದ್ದ. ಸೇತುವೆಯ ಬಗ್ಗೆ ತಿಳಿಯಬೇಕು ಎಂಬ ನೆವದಲ್ಲಿ ಅವಳೂ ಅರ್ಧ ದಾರಿ ಜೊತೆ ಹೋಗತೊಡಗಿದಳು. ಒಮ್ಮೆ ಲಾರಿಯೊಂದು ಬರುತ್ತಿದ್ದಾಗ, ಕಂಬಿಯ ಮೇಲೆ ಅಂಗೈ ಇಟ್ಟು ನೋಡಿ ಎಂದ. ಅವಳು ಇಟ್ಟಳು. ಕಬ್ಬಿಣದೊಳಗಿಂದ ಸಣ್ಣ ನಡುಕ ಅಂಗೈಗೆ ಹತ್ತಿ ಮೊಣಕೈವರೆಗೆ ಬಂತು. ಸೇತುವೆ ಉಸಿರಾಡುವುದು ಹಾಗೆ, ಆ ನಡುಕ ಇರಬೇಕು, ಅದು ತಪ್ಪಿದರೆ ಭಯ ಎಂದ. ಹೇಳುವಾಗ ಅವನು ನೋಡುತ್ತಿದ್ದದ್ದು ಅವಳ ಕೈಯನ್ನು. ಲಾರಿ ಹೋಗಿ ಎಷ್ಟೋ ಹೊತ್ತಾದರೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.

ದಿನಾ ಆಚೆಗೆ ಯಾಕೆ ಹೋಗುತ್ತಾನೆಂದು ಅವಳು ಕೇಳಿರಲಿಲ್ಲ. ಒಂದು ದಿನ ತಾನಾಗಿಯೇ ಹೇಳಿದ. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಒಂದು ಭಾಗ ಸ್ವಾಧೀನದಲ್ಲಿರಲಿಲ್ಲ. ಆಚೆ ದಡದಲ್ಲಿ ಅಣ್ಣ ಅತ್ತಿಗೆಯ ಮನೆಯಲ್ಲಿದ್ದರು. ಬೆಳಿಗ್ಗೆ, ಮಧ್ಯಾಹ್ನ ಅತ್ತಿಗೆ ತಿನ್ನಿಸಿದರೆ ತಿನ್ನುತ್ತಾರೆ, ಸಂಜೆಯದ್ದು ಮಾತ್ರ ಇವನೇ ತಿನ್ನಿಸಬೇಕು. ತಡವಾದರೆ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿ ಮುನಿಸಿಕೊಳ್ಳುತ್ತಾರೆ.

“ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ,” ಎಂದ. “ನಿಮಗೆ ಯಾಕೆ ಹೇಳ್ತಾ ಇದ್ದೀನೋ.”

ಗುಬ್ಬಿಗೆ ಆ ‘ಯಾಕೆ’ಯನ್ನು ಮಡಿಚಿ ಎದೆಯಲ್ಲಿಟ್ಟುಕೊಳ್ಳಬೇಕು ಅನ್ನಿಸಿತು.

ಮಳೆಗಾಲದ ಮೊದಲ ನೆರೆ ಇಳಿದ ಮೇಲೆ ಮುಳುಗುಗಾರರು ನೀರಿಗಿಳಿದು ಕಂಬಗಳನ್ನು ಪರೀಕ್ಷಿಸಿದರು. ನಡುವಿನ ಕಂಬದ ಬುಡದಲ್ಲಿ ಮಣ್ಣೇ ಇರಲಿಲ್ಲ. ಹರಿವ ನೀರು ಅದನ್ನು ಕೊರೆದು ಪೊಳ್ಳು ಮಾಡಿತ್ತು. ಇಂಜಿನಿಯರ್ ನೇರವಾಗಿ ಮುಖ್ಯಸ್ಥೆಯ ಕೋಣೆಗೆ ಹೋದ. ಇವತ್ತೇ ಮುಚ್ಚಬೇಕು ಎಂದ. ಅವರು ಒಪ್ಪಿದರು. ಯಾರೋ ಅವಸರದಲ್ಲಿ ‘ತಾಂತ್ರಿಕ ಕಾರಣಗಳಿಂದ ಮುಂದಿನ ಆದೇಶದವರೆಗೆ ಸಂಚಾರ ನಿರ್ಬಂಧಿಸಲಾಗಿದೆ’ ಎಂದು ಅಚ್ಚು ಹಾಕಿಸಿ ಎರಡೂ ತುದಿಯ ಅಡ್ಡಗಟ್ಟೆಗಳಿಗೆ ಅಂಟಿಸಿಬಿಟ್ಟರು. ಗುಬ್ಬಿಯನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನದೊಳಗೆ ಜನ ಸೇರಿದರು. ಹೊಸ ಸೇತುವೆಯ ಗುತ್ತಿಗೆಗಾಗಿ ಹೂಡಿದ ನಾಟಕವಿದು ಎಂಬ ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತ್ತು. ಆಸ್ಪತ್ರೆ ಆಚೆ, ಮಾರುಕಟ್ಟೆ ಈಚೆ. ನಿನ್ನೆವರೆಗೂ ಲಾರಿ ಓಡಿದ ಸೇತುವೆ ಇವತ್ತು ನಾವು ನಡೆದರೆ ಬೀಳುತ್ತದೆಯೇ ಎಂದು ಒಬ್ಬ ಕೇಳಿದ. ಇಂಜಿನಿಯರ್ ಉತ್ತರ ಕೊಟ್ಟ. ತಳಪಾಯ, ಭಾರ, ಶೇಕಡಾವಾರು. ಒಂದೊಂದು ಪದಕ್ಕೂ ಜನ ಒಂದೊಂದು ಹೆಜ್ಜೆ ಮುಂದೆ ಬಂದರು. ಅಡ್ಡಗಟ್ಟೆ ಕರ್ರೆಂದಿತು. ಇಬ್ಬರು ಆಗಲೇ ಅದನ್ನು ಹತ್ತಿ ಆಚೆಗೆ ಕಾಲು ಹಾಕಿದ್ದರು.

ಗುಬ್ಬಿ ಅವನ ಕೈಯಿಂದ ಮೈಕು ತೆಗೆದುಕೊಂಡಳು.

ನಿಮ್ಮ ಮನೆಯ ಮಂಚದ ಒಂದು ಕಾಲಿನ ಕೆಳಗೆ ನೆಲವೇ ಇಲ್ಲ ಅಂದುಕೊಳ್ಳಿ ಎಂದು ಶುರುಮಾಡಿದಳು. ಗದ್ದಲ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಹತ್ತಿದವರು ಇಳಿಯಲಿಲ್ಲ. ಇನ್ನೇನು ಹೇಳಬೇಕೆಂದು ಅವಳು ಹುಡುಕುವ ಮೊದಲೇ ಮಾತು ಬಾಯಿಂದ ಹೊರಬಿದ್ದಿತ್ತು.

“ಇವರ ತಾಯಿ ಆಚೆ ದಡದಲ್ಲಿ ಹಾಸಿಗೆ ಹಿಡಿದಿದ್ದಾರೆ. ದಿನಾ ಸಂಜೆ ಇದೇ ಸೇತುವೆ ಮೇಲೆ ನಡೆದು ಹೋಗಿ ಇವರೇ ಊಟ ಮಾಡಿಸ್ತಾರೆ. ಇವತ್ತು ಹೋಗ್ತಾ ಇಲ್ಲ. ಸೇತುವೆ ಮುಚ್ಚಿಸಿದ್ದು ಇವರೇ.”

ಜನರ ಸದ್ದು ಅಡಗಿತು. ಅಡ್ಡಗಟ್ಟೆ ಹತ್ತಿದವರಲ್ಲಿ ಒಬ್ಬ ಇಳಿದ, ಇನ್ನೊಬ್ಬನೂ ಇಳಿದ. ಗುಬ್ಬಿ ಗೆದ್ದವಳಂತೆ ತಿರುಗಿದಳು. ಇಂಜಿನಿಯರ್ ಅವಳನ್ನೇ ನೋಡುತ್ತಿದ್ದ. ಆ ನೋಟಕ್ಕೆ ಅವಳ ಕೈಯಲ್ಲಿದ್ದ ಮೈಕು ಭಾರವಾಯಿತು.

ಮರುದಿನ ಬೆಳಿಗ್ಗೆ ಟಿವಿಯವರು ಆಚೆ ದಡದ ಆ ಮನೆಯ ಬಾಗಿಲಲ್ಲಿದ್ದರು. ಅಮ್ಮ ಮಲಗಿದ್ದ ಕೋಣೆಯ ಕಿಟಕಿಗೇ ಕ್ಯಾಮೆರಾ ಹಿಡಿದರು. ಅತ್ತಿಗೆ ಅಳುತ್ತ ಅವನಿಗೆ ಫೋನ್ ಮಾಡಿದ್ದರು. ಸುತ್ತು ದಾರಿಯ ರಸ್ತೆಯೂ ನೆರೆಯಲ್ಲಿ ಕೊಚ್ಚಿಹೋಗಿತ್ತು, ದೋಣಿ ಇನ್ನೂ ಶುರುವಾಗಿರಲಿಲ್ಲ. ಹೋಗುವಂತಿಲ್ಲ, ಇರುವಂತಿಲ್ಲ. ಅವನು ಅವಳ ಮೇಜಿನ ಬಳಿ ಬಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

“ಜನ ನಿಂತರು. ಅದು ಸರಿ. ಆದರೆ ಆ ಮಾತು ನಿಮ್ಮದಾಗಿರಲಿಲ್ಲ ಮೇಡಂ.”

ಇಷ್ಟು ದಿನ ಇಲ್ಲದ ಆ ‘ಮೇಡಂ’ ಬಾಗಿಲು ಹಾಕಿದ ಹಾಗಿತ್ತು.

ಮನೆಗೆ ಬಂದವಳೇ ಕೆಲಸ ಬಿಡುತ್ತೇನೆ ಎಂದಳು. ಅಕ್ಕ ಒಗೆದ ಬಟ್ಟೆ ಮಡಿಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಪ್ರತಿ ಸಲವೂ ಎಲ್ಲಿ ನೋಯುತ್ತದೋ ಅಲ್ಲಿಂದ ಎದ್ದು ಬರುತ್ತೀಯ, ಈ ಸಲವಾದರೂ ನೋಯಿಸಿದ ಜಾಗಕ್ಕೆ ಹೋಗಿ ನಿಂತುಕೋ ಎಂದಳು. ಗುಬ್ಬಿ ಮುಖ ಊದಿಸಿಕೊಂಡು ಒಳಗೆ ಹೋದಳು. ಒಬ್ಬಳೇ ಕೂತಾಗ ಡಬ್ಬಿಂಗ್ ಕೋಣೆ ನೆನಪಾಯಿತು. ಪರದೆಯ ಮೇಲೆ ಯಾರದ್ದೋ ತುಟಿ ಅಲುಗುತ್ತದೆ, ಇವಳು ತನ್ನ ದನಿ ಹೊಂದಿಸುತ್ತಾಳೆ. ಆ ತುಟಿಯವರನ್ನು ಯಾರೂ ಕೇಳುವುದಿಲ್ಲ. ಅವನಿಗೂ ತಾನು ಮಾಡಿದ್ದು ಅದನ್ನೇ. ಜಾಹೀರಾತಿನಲ್ಲಿ ಯಾವ ಮಾತು ಎಲ್ಲಿ ತಟ್ಟುತ್ತದೆಂದು ಕಲಿತಿದ್ದಳು, ಪತ್ರಿಕೆಯಲ್ಲಿ ಎಲ್ಲರಿಗಿಂತ ಮೊದಲು ಹೇಳುವುದನ್ನು ಕಲಿತಿದ್ದಳು. ಹೇಳಬಾರದ್ದನ್ನು ಬಾಯೊಳಗೇ ಇಟ್ಟುಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ.

ದೋಣಿ ಶುರುವಾದ ದಿನವೇ, ಅತ್ತಿಗೆಗೆ ಫೋನ್ ಮಾಡಿ ಒಪ್ಪಿಗೆ ಕೇಳಿ, ಸಂಜೆ ಅವನು ಹೊರಡುವ ಮೊದಲೇ ಅವಳು ನದಿ ದಾಟಿದಳು.

ಗೇಟಿನ ಮುಂದೆ ಕ್ಯಾಮೆರಾದವರು ಇನ್ನೂ ಇದ್ದರು. ಗುಬ್ಬಿ ಅವರ ನಡುವೆ ನಿಂತು, ಒಳಗಿರುವ ಹಿರಿಯರ ವಿಷಯ ಆಡಿದ್ದು ತನ್ನದೇ ತಪ್ಪು ಎಂದಳು. ಸೇತುವೆಯ ಬಗ್ಗೆ ಏನೇ ಇದ್ದರೂ ಬೆಳಿಗ್ಗೆ, ಸಂಜೆ ದಡದಲ್ಲಿ ತಾನು ಸಿಗುತ್ತೇನೆ, ಗೊತ್ತಿದ್ದದ್ದನ್ನು ಹೇಳುತ್ತೇನೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತೇನೆ ಎಂದಳು. ಕೆಲವರು ಹೊರಟರು. ಪತ್ರಿಕೆಯ ದಿನಗಳ ಹಳೆಯ ಸಹೋದ್ಯೋಗಿಯೊಬ್ಬ ಜಗ್ಗಲಿಲ್ಲ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ನಾನೂ ಬಂದಿರುತ್ತಿದ್ದೆ, ಬಂದು ಇದೇ ಕಿಟಕಿಯಲ್ಲಿ ಇಣುಕಿ ಈಗ ಪಶ್ಚಾತ್ತಾಪಪಡುತ್ತಿದ್ದೆ ಎಂದಳು. ಅವನು ಕ್ಯಾಮೆರಾ ಇಳಿಸಿದ.

ಒಳಗೆ ಅಮ್ಮ ದಿಂಬಿಗೊರಗಿ ಕೂತಿದ್ದರು. ಮಾತು ಒಂದೊಂದೇ ಪದವಾಗಿ ತಡೆದು ತಡೆದು ಬರುತ್ತಿತ್ತು. ಅರ್ಧಕ್ಕೆ ನಿಂತ ವಾಕ್ಯವನ್ನು ಪೂರ್ತಿ ಮಾಡಿಕೊಡಲು ಗುಬ್ಬಿಯ ನಾಲಿಗೆ ತುರಿಸಿತು. ಅವಳು ತುಟಿ ಕಚ್ಚಿ ಕಾದಳು.

“ಅವನು… ಹೆದರಿದ್ದಾನಾ?”

ಮನೆಯವರೆಲ್ಲ ಏನೂ ಆಗಿಲ್ಲ, ಸುಮ್ಮನಿರಿ ಎಂದೇ ಹೇಳಿಕೊಂಡು ಬಂದಿದ್ದರು. ರೇಡಿಯೋದ ದನಿಯಲ್ಲಿ ಅದನ್ನೇ ಇನ್ನಷ್ಟು ಸಿಹಿಯಾಗಿ ಹೇಳುವುದು ಗುಬ್ಬಿಗೆ ನೀರು ಕುಡಿದಷ್ಟು ಸುಲಭ. ಅವಳು ಅವರ ಮುಖ ನೋಡಿದಳು. ಅವರಿಗೆ ಬೇಕಿದ್ದದ್ದು ಸಿಹಿಯಲ್ಲ.

“ಹೌದಮ್ಮ, ಹೆದರಿದ್ದಾರೆ. ಕಂಬ ನಿಲ್ಲುತ್ತೋ ಇಲ್ಲವೋ ಅವರಿಗೂ ಗೊತ್ತಿಲ್ಲ. ಆದರೆ ಸೇತುವೆ ಮೇಲೆ ಈಗ ಯಾರೂ ಇಲ್ಲ. ಅಷ್ಟು ಅವರ ಕೈಯಲ್ಲಿತ್ತು, ಅಷ್ಟನ್ನ ಮಾಡಿದ್ದಾರೆ.”

ಅಮ್ಮ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು. ಆಮೇಲೆ ಸ್ವಾಧೀನವಿದ್ದ ಕೈ ಚಾಚಿ ಅವಳ ಮಣಿಕಟ್ಟು ಹಿಡಿದು, ಊಟ ಕೊಡು ಎಂಬಂತೆ ತಟ್ಟೆಯ ಕಡೆ ನೋಡಿದರು. ಎರಡು ದಿನದಿಂದ ಅವರು ಸರಿಯಾಗಿ ಉಂಡಿರಲಿಲ್ಲವೆಂದು ಅತ್ತಿಗೆ ಆಮೇಲೆ ಹೇಳಿದರು.

ಅವತ್ತು ದೋಣಿಯಲ್ಲಿ ವಾಪಸು ಬರುವಾಗ ಗುಬ್ಬಿಗೆ ಮೈ ಹಗುರವಾಗಿತ್ತು, ತಲೆ ನಿಚ್ಚಳವಾಗಿತ್ತು. ಹೆದರಿದವರ ಪಕ್ಕ ಕೂತು ಅವರಿಗೆ ತಡೆಯುವಷ್ಟು ನಿಜವನ್ನು ಅವರದೇ ಮಾತಿನಲ್ಲಿ ಹೇಳುವುದು, ಹೇಳಿ ಎದ್ದು ಹೋಗದೆ ಅಲ್ಲೇ ಇರುವುದು. ಇಷ್ಟು ವರ್ಷ ತಾನು ಕೊಂಬೆ ಕೊಂಬೆ ಹಾರಿ ಹೆಕ್ಕಿದ್ದೆಲ್ಲ ಈ ಒಂದು ಕೆಲಸಕ್ಕೆ ಬೇಕಾಗಿತ್ತು.

ಅಲ್ಲಿಂದ ಅವಳು ದಡ ಬಿಡಲಿಲ್ಲ. ಮೊದಲು ಕೇಳುತ್ತಿದ್ದಳು, ಆಮೇಲೆ ಹೇಳುತ್ತಿದ್ದಳು. ಬಸುರಿ ಹೆಂಗಸರಿಗೆ ಮೊದಲ ದೋಣಿ ಎಂದಾಯಿತು. ಆಸ್ಪತ್ರೆಯ ದಾದಿಯರ ಪಾಳಿಗೆ ತಕ್ಕ ಹಾಗೆ ದೋಣಿಯ ಸಮಯ ಬದಲಾಯಿತು. ಇಂಜಿನಿಯರ್ ಮಾತ್ರ ಅವಳ ಕಡೆ ನೋಡುತ್ತಿರಲಿಲ್ಲ. ನೀರಿನ ಮಟ್ಟದ ಲೆಕ್ಕವನ್ನೂ ಮುಖ್ಯಸ್ಥೆಯ ಕೈಲಿ ಕಳಿಸುತ್ತಿದ್ದ. ದಡದಲ್ಲಿ ಎದುರಾದರೆ ಇಬ್ಬರೂ ನದಿ ನೋಡುತ್ತಿದ್ದರು. ನೀರು ಮತ್ತೆ ಏರುತ್ತಿತ್ತು. ಇಷ್ಟು ದಿನವಾಯಿತು, ಏನೂ ಆಗಲಿಲ್ಲವಲ್ಲ ಎಂದು ಜನ ಮತ್ತೆ ಗೊಣಗತೊಡಗಿದ್ದರು. ಬೀಳದಿದ್ದರೆ ಅವನು ಸುಳ್ಳುಗಾರ, ಬಿದ್ದರೆ ಅವನ ಸೇತುವೆಯೇ ಹೋಯಿತು. ಯಾವುದನ್ನು ಹಾರೈಸಬೇಕೆಂದು ಗುಬ್ಬಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನದಿಯ ನಡುವಿನಿಂದ ದೊಡ್ಡ ನರಳಿಕೆಯಂಥ ಸದ್ದು ಬಂತು. ಎಲ್ಲರೂ ತಿರುಗಿದರು. ನಡುವಿನ ಕಂಬ ನಿಧಾನಕ್ಕೆ ಕುಸಿಯಿತು. ಮೇಲಿನ ರಸ್ತೆ ಮುರಿದು ಒಂದು ಕಡೆಗೆ ವಾಲಿ ನಿಂತಿತು, ಕಂಬಿ ನೂಲಿನ ಹಾಗೆ ತಿರುಚಿಕೊಂಡಿತು. ಸೇತುವೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲ ದಿನ ಅಡ್ಡಗಟ್ಟೆ ಹತ್ತಿದ್ದವನು ನೆಲದ ಮೇಲೆ ಕುಸಿದು ಕೂತ.

ಇಂಜಿನಿಯರ್ ನೀರಿನಂಚಿನಲ್ಲಿ ನಿಂತಿದ್ದ. ಗುಬ್ಬಿ ಹತ್ತಿರ ಹೋಗಿ ಪಕ್ಕದಲ್ಲಿ ನಿಂತಳು. ನೀವು ಹೇಳಿದ್ದು ನಿಜವಾಯಿತು ಎನ್ನಲಿಲ್ಲ, ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ. ಅವನ ಕೈಯ ಹಿಂಬದಿ ಅವಳ ಕೈಗೆ ತಾಗಿತು. ಅವನು ತೆಗೆಯಲಿಲ್ಲ.

ಮುಖ್ಯಸ್ಥೆ ಮರುದಿನ ಅವಳನ್ನು ಕರೆಸಿದರು. ಖಾಯಂ ಆಗಿ ಇರಬೇಕು, ಹೊಸ ಹುದ್ದೆ ಮಾಡಿಸುತ್ತೇನೆ, ಏನೆಂದು ಕರೆಯೋಣ ಎಂದರು. ಮೇಲಿನ ಕಚೇರಿಯವರು ‘ಅಪಾಯ ಸಂವಹನ ಅಧಿಕಾರಿ’ ಎಂದು ಸೂಚಿಸಿದ್ದರಂತೆ.

“ನಾನೇ ಅಪಾಯ ಅನ್ನೋ ಹಾಗಿದೆ ಮೇಡಂ,” ಎಂದಳು ಗುಬ್ಬಿ.

ಮುಖ್ಯಸ್ಥೆ ಮೊದಲ ಸಲ ಕನ್ನಡಕ ತೆಗೆದು ನಕ್ಕರು. ಹೆಸರು ಏನಾದರೂ ಇರಲಿ, ಏನೇ ಕಂಡುಬಂದರೂ ಪ್ರಕಟಣೆ ಅಚ್ಚಾಗುವ ಮೊದಲು ತನ್ನನ್ನು ಕರೆಯಬೇಕು, ಜನರ ಮಾತು ಕಚೇರಿಯೊಳಗೆ ತರಲು ತನಗೆ ಅಧಿಕಾರ ಇರಬೇಕು ಎಂದು ಅವಳು ಕೇಳಿದಳು. ಎರಡಕ್ಕೂ ಹೂಂ ಎಂದರು. ಸಂಜೆ ಸುದ್ದಿ ಕೇಳಿದ ಭಾವ, ಅಂತೂ ಏನು ಕೆಲಸ ಅದು ಎಂದರು. ಗುಬ್ಬಿ ಒಂದೇ ಉಸಿರಿಗೆ ಹೇಳಿದಳು. ಭಾವನಿಗೆ ನಗಲು ಏನೂ ಸಿಗಲಿಲ್ಲ.

ಅದಾದ ವಾರದ ಒಂದು ಸಂಜೆ, ದೋಣಿಯ ಸಾಲಿನಲ್ಲಿ ಇಂಜಿನಿಯರ್ ಅವಳ ಬಳಿ ಬಂದ. ಅಮ್ಮ ಕರೆದಿದ್ದಾರೆ, ಬರುತ್ತೀರಾ ಎಂದ. ದೋಣಿಯಲ್ಲಿ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತರು. ಮುರಿದ ಸೇತುವೆ ಬಲಕ್ಕೆ ಸರಿಯುತ್ತಿತ್ತು.

“ಕೇಳದೆ ಹೇಳಿಬಿಟ್ಟೆ. ಕ್ಷಮಿಸಿ,” ಎಂದಳು ಅವಳು. “ಇಷ್ಟು ದಿನ ಹೇಳೋಕೆ ಧೈರ್ಯ ಬರಲಿಲ್ಲ.”

“ಕೋಪ ಬಂದಿತ್ತು. ಬಹಳ ಬಂದಿತ್ತು.” ಅವನು ನೀರು ನೋಡುತ್ತಿದ್ದ. “ಆಮೇಲೆ ಅಮ್ಮ ಹೇಳಿದರು, ಮನೆಯಲ್ಲಿ ಎಲ್ಲರೂ ನನಗೆ ಸುಳ್ಳು ಹೇಳಿದರು, ಆ ಹುಡುಗಿ ಒಬ್ಬಳೇ ಹೇಳಲಿಲ್ಲ ಅಂತ. ಅಷ್ಟು ಹೇಳೋಕೆ ಅವರಿಗೆ ಅರ್ಧ ಗಂಟೆ ಬೇಕಾಯ್ತು.”

ಗುಬ್ಬಿಯ ಕಣ್ಣು ತುಂಬಿತು. ಅವನು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಹುಟ್ಟು ನೀರನ್ನು ಸೀಳುತ್ತಿತ್ತು. ದಡ ಹತ್ತಿರ ಬರುತ್ತಿತ್ತು. ಏನು ಬರಬಹುದೆಂದು ಅವಳಿಗೆ ಗೊತ್ತಿತ್ತು, ಪದಗಳೂ ನಾಲಿಗೆಯ ತುದಿಯಲ್ಲಿದ್ದವು. ಆದರೂ ಅವಳು ಕಾದಳು.

ದೋಣಿ ಮರಳಿಗೆ ತಾಗಿತು. ಉಳಿದವರು ಇಳಿದರು. ದೋಣಿಯವನು ಇಳಿಯೋದಿಲ್ಲವೇ ಎಂದ.

“ನನಗೆ ನೀನು ಬೇಕು,” ಎಂದ ಇಂಜಿನಿಯರ್. ‘ನೀವು’ ಜಾರಿ ‘ನೀನು’ ಆದದ್ದು ಅವನಿಗೇ ಆಮೇಲೆ ತಿಳಿದು ಮುಖ ಕೆಂಪೇರಿತು.

ಮಾತನ್ನೇ ಉಂಡು ಬೆಳೆದ ಗುಬ್ಬಿ ಅವನ ಅಂಗೈಯೊಳಗೆ ತನ್ನ ಕೈ ಇಟ್ಟಳು. ಇಬ್ಬರೂ ಮೊಣಕಾಲವರೆಗಿನ ನೀರಿಗೆ ಇಳಿದು, ಅಮ್ಮ ಕಾಯುತ್ತಿದ್ದ ಮನೆಯ ಕಡೆ ನಡೆದರು.